ವೆಲ್ಪೆ: ತೋಳಕ್ಕೆ ನಂಟಿಲ್ಲದ ಮರಿ

ಜರ್ಮನ್ನಿನಲ್ಲಿ ನಾಯಿಮರಿಗೆ 'ವೆಲ್ಪೆ' ಅನ್ನುತ್ತಾರೆ. ತೋಳದ ಮರಿಗೂ ನರಿಮರಿಗೂ ಇದೇ ಪದ. ಬೆಕ್ಕಿನ ಮರಿಗೆ ಸಲ್ಲುವುದಿಲ್ಲ. ತೋಳಕ್ಕೆ 'ವೋಲ್ಫ್' ಎನ್ನುವುದರಿಂದ ವೆಲ್ಪೆ ಅದರಿಂದಲೇ ಹುಟ್ಟಿತೆಂದು ಊಹಿಸುವವರುಂಟು. ಕೇಳಲು ಚೆನ್ನ, ಆದರೆ ತಪ್ಪು. ಇಂದಿನ ಪ್ರಮಾಣ ಜರ್ಮನ್ನಿನ ಪೂರ್ವರೂಪವಾದ ಪ್ರಾಚೀನ ಹೈ ಜರ್ಮನ್ನಿನಲ್ಲಿ ಮರಿ 'ಹ್ವೆಲ್ಫ್', ತೋಳ ಬರೀ 'ವೋಲ್ಫ್'. ಆ ಮೊದಲಿನ ಹಕಾರವೇ ಎರಡನ್ನೂ ಬೇರೆ ಮಾಡುತ್ತದೆ. ಹಳೆಯ ಇಂಗ್ಲಿಷಿನ 'ಹ್ವೆಲ್ಪ್' ಕೂಡ ಈ ಮರಿಯ ಬಳಗದ್ದೇ.

ಹಾಗಾದರೆ ಇಂದಿನ ಪದದಲ್ಲಿ ಫಕಾರದ ಬದಲು ಪಕಾರ ಏಕೆ? ದಕ್ಷಿಣದ ಜರ್ಮನ್ ಆಡುಮಾತುಗಳಲ್ಲಿ ಲಕಾರದ ನಂತರದ ಪಕಾರ ಫಕಾರವಾಯಿತು. ಇಂಗ್ಲಿಷಿನ 'ಹೆಲ್ಪ್' ಜರ್ಮನ್ನಿನಲ್ಲಿ 'ಹೆಲ್ಫೆನ್' ಆಗಿರುವುದು ಇದರಿಂದಲೇ. ಉತ್ತರದ ಲೋ ಜರ್ಮನ್ ಈ ಬದಲಾವಣೆಗೆ ಒಳಗಾಗಲಿಲ್ಲ. ಪ್ರಮಾಣಭಾಷೆ ತನ್ನದೇ 'ವೆಲ್ಫ್' ಅನ್ನು ಮೂಲೆಗೆ ತಳ್ಳಿ ಉತ್ತರದ ರೂಪವನ್ನು ಎರವಲು ಪಡೆಯಿತು.

ಹಳೆಯ ರೂಪ ಉಳಿದದ್ದು ಅರಮನೆಯಲ್ಲಿ. ವೆಲ್ಫ್ ರಾಜವಂಶದ ಹೆಸರಿಗೆ ನೇರ ಅರ್ಥ 'ಮರಿ'. 'ಸಿಂಹ' ಎಂದು ಬಿರುದು ಹೊತ್ತ ಹನ್ನೆರಡನೇ ಶತಮಾನದ ಡ್ಯೂಕ್ ಹೈನ್ರಿಷ್ ಕೂಡ ಈ ಮರಿಗಳ ಕುಲದವನೇ! ಮಧ್ಯಯುಗದ ಇಟಲಿಯಲ್ಲಿ ಚಕ್ರವರ್ತಿಯ ವಿರುದ್ಧ ಪೋಪ್ ಪರ ನಿಂತ ಪಕ್ಷದವರು 'ಗ್ವೆಲ್ಫಿ' ಎನಿಸಿಕೊಂಡದ್ದು ಈ ಹೆಸರಿನಿಂದ. 1714ರಲ್ಲಿ ಬ್ರಿಟನ್ನಿನ ಸಿಂಹಾಸನವೇರಿದ ಹ್ಯಾನೋವರ್ ಮನೆತನ ಇದರದೇ ಕವಲು. ಆ ಮನೆತನದ ಗೌರವಕ್ಕೆಂದು 1827ರಲ್ಲಿ ಕೆನಡಾದಲ್ಲಿ ಕಟ್ಟಿದ ಊರಿಗೆ ಗ್ವೆಲ್ಫ್ ಎಂದು ಹೆಸರಿಟ್ಟರು.

ಬಳಸುವಾಗ ಜನ ಎಡವುವುದು ವಿಭಕ್ತಿಯಲ್ಲಿ. ಇದು ಪುಲ್ಲಿಂಗ, ಅದೂ 'ದುರ್ಬಲ' ಗುಂಪಿನದು. ಕರ್ತೃ ಏಕವಚನದಲ್ಲಿ ಮಾತ್ರ 'ಡೇರ್ ವೆಲ್ಪೆ'. ಉಳಿದ ಕಡೆಯೆಲ್ಲ, ಬಹುವಚನದಲ್ಲೂ, 'ವೆಲ್ಪೆನ್'. ಹಾಗಾಗಿ 'ನನ್ನ ಬಳಿ ಒಂದು ಮರಿಯಿದೆ' ಎನ್ನಲು 'ಇಷ್ ಹಾಬೆ ಐನೆನ್ ವೆಲ್ಪೆನ್' ಎನ್ನಬೇಕು. ಕನ್ನಡದಲ್ಲಿ ಮರಿ ಇಲ್ಲಿ ಕರ್ತೃ, ಜರ್ಮನ್ನಿನಲ್ಲಿ ಕರ್ಮ. ಕೊನೆಯ ನಕಾರ ಬಿಟ್ಟುಹೋಗುವುದು ಅಲ್ಲೇ. ಷಷ್ಠಿಗೆ ಸಕಾರ ಹಚ್ಚಿ 'ಡೆಸ್ ವೆಲ್ಪೆಸ್' ಮಾಡುವುದೂ ತಪ್ಪು. 'ಡೆಸ್ ವೆಲ್ಪೆನ್' ಸರಿ.

ನಾವು ನಾಯಿ 'ಮರಿ ಹಾಕಿತು' ಅಂದರೆ ಅವರು 'ವೆರ್ಫೆನ್', ಅಂದರೆ 'ಎಸೆ', ಎಂಬ ಕ್ರಿಯಾಪದ ಬಳಸುತ್ತಾರೆ. ಒಂದೇ ಸೂಲಿನ ಮರಿಗಳೆಲ್ಲ ಸೇರಿ ಒಂದು 'ವುರ್ಫ್', ಒಂದು ಎಸೆತ. ಮನುಷ್ಯರಿಗೂ ಅಂಟಿಕೊಂಡ ಪದವೆಂದರೆ 'ವೆಲ್ಪೆನ್‌ಶುಟ್ಸ್'. ಮರಿಯೆಂದು ದೊಡ್ಡ ನಾಯಿಗಳು ಸಹಿಸಿಕೊಳ್ಳುವ ರಿಯಾಯಿತಿ ಅದು. ಕೆಲಸಕ್ಕೆ ಹೊಸದಾಗಿ ಸೇರಿದವರ ತಪ್ಪುಗಳನ್ನು ಕೆಲಕಾಲ ಮನ್ನಿಸುವುದಕ್ಕೂ ಅದೇ ಹೆಸರು.