ವಾರಕ್ಕೆ ಐವತ್ತು ಡಾಲರ್ ಸಂಬಳದವನ ಮನೆ

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಬಾಳಿದ್ದ ಮೌಂಟ್ ವರ್ನನ್ನಿನಿಂದ ಕೆಲವೇ ಮೈಲಿ ದೂರದಲ್ಲಿ, ವರ್ಜೀನಿಯಾದ ಅಲೆಕ್ಸಾಂಡ್ರಿಯಾ ಬಳಿ, ವುಡ್‌ಲಾನ್ ಎಂಬ ಹಳೆಯ ಎಸ್ಟೇಟ್ ಇದೆ. ವಾಷಿಂಗ್ಟನ್ ತಮ್ಮ ಸೋದರಳಿಯನಿಗೆ ಕೊಟ್ಟ ಜಮೀನಿನಲ್ಲಿ, ಗುಲಾಮರ ದುಡಿಮೆಯ ಮೇಲೆ ನಿಂತಿದ್ದ ಕೆಂಪು ಇಟ್ಟಿಗೆಯ ಬಂಗಲೆ ದಿಬ್ಬದ ಮೇಲಿನಿಂದಲೇ ಕಣ್ಣಿಗೆ ಬೀಳುತ್ತದೆ. ಮಗಳು ಕಾರು ನಿಲ್ಲಿಸಿದಾಗ ನನ್ನ ಹೆಂಡತಿ ಆ ಬಂಗಲೆಯ ಕಡೆಗೇ ಹೆಜ್ಜೆ ಹಾಕಿದಳು. ನಾನು ನೋಡಲು ಹೊರಟಿದ್ದು ಅದೇ ಆವರಣದ ಮರಗಳ ನಡುವೆ ಅಡಗಿರುವ ಇನ್ನೊಂದು ಮನೆಯನ್ನು. ಹತ್ತಿರ ಹೋಗುವವರೆಗೂ ಅದು ಕಾಣಿಸುವುದೇ ಇಲ್ಲ. ಕಂಡಾಗಲೂ ಮೊದಲು ಕಾಣುವುದು ತಗ್ಗಾದ ಚಪ್ಪಟೆ ಸೂರು, ಅದರಡಿಯಲ್ಲಿ ಅಡ್ಡಡ್ಡಲಾಗಿ ಜೋಡಿಸಿದ, ಬಣ್ಣ ಬಳಿಯದ ಸೈಪ್ರೆಸ್ ಹಲಗೆಗಳು. ಹೆಂಡತಿ ಬಂಗಲೆಯನ್ನೊಮ್ಮೆ, ಇದನ್ನೊಮ್ಮೆ ನೋಡಿ, "ಇದಕ್ಕೇನಾ ಇಷ್ಟು ದೂರ ಬಂದಿದ್ದು?" ಎಂದು ಕೇಳಿದಳು.

ಇದಕ್ಕೇ ಬಂದಿದ್ದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕುಳಿತು ಬೇರೆಯವರ ವಾಕ್ಯ ತಿದ್ದಿದವನು ನಾನು. ಈ ಮನೆಯನ್ನು ಕಟ್ಟಿಸಿದ ಲೋರೆನ್ ಪೋಪ್ ಕೂಡ ಅದೇ ಕಸುಬಿನವನು. ವಾಷಿಂಗ್ಟನ್ನಿನ ಈವ್ನಿಂಗ್ ಸ್ಟಾರ್ ಪತ್ರಿಕೆಯಲ್ಲಿ ವಾರಕ್ಕೆ 50 ಡಾಲರ್ ಸಂಬಳದ ಕಾಪಿ ಎಡಿಟರ್. ಫ್ರಾಂಕ್ ಲಾಯ್ಡ್ ರೈಟ್ ಅವರ ಆತ್ಮಕಥೆಯನ್ನು ಓದಿ ಮರುಳಾದ ಪೋಪ್, 1939ರಲ್ಲಿ ಅವರಿಗೆ ಉದ್ದನೆಯ ಕಾಗದ ಬರೆದು, ತನಗೂ ತನ್ನ ಸಂಸಾರಕ್ಕೂ ಅವರ ಕೈಯಿಂದಲೇ ಒಂದು ಮನೆ ಆಗಬೇಕೆಂದು ಕೇಳಿಕೊಂಡ. ಆಗ ರೈಟ್ ಎಪ್ಪತ್ತು ದಾಟಿದ್ದ, ಜಗತ್ತೇ ಬಲ್ಲ ವಾಸ್ತುಶಿಲ್ಪಿ; ಜಲಪಾತದ ಮೇಲೆಯೇ ನಿಂತ ಶ್ರೀಮಂತರ ಮನೆ ಫಾಲಿಂಗ್‌ವಾಟರ್ ಅವರ ಆಗಿನ ಹೊಸ ಸಾಧನೆ. ಅಂಥವರಿಂದ, ಖಂಡಿತ ನಿಮಗೊಂದು ಮನೆ ಕೊಡುತ್ತೇನೆ ಎಂಬ ಅರ್ಥದ ಪುಟ್ಟ ಉತ್ತರ ಬಂತು. ಕಾಗದ ತಿದ್ದುವುದರಲ್ಲೇ ಜೀವ ಸವೆಸುವ ನಮ್ಮಂಥವರಿಗೆ ತಾನೇ ಬರೆದ ಒಂದು ಕಾಗದ ಹೀಗೆ ಫಲಿಸಿದ ಸುದ್ದಿ ಸಣ್ಣದೇನಲ್ಲ.

ಸಾಮಾನ್ಯ ಸಂಬಳದವರೂ ಕಟ್ಟಿಸಿಕೊಳ್ಳಬಹುದಾದ ಮನೆಗಳನ್ನು ರೈಟ್ ಯುಸೋನಿಯನ್ ಎಂದು ಕರೆದರು. ಅವುಗಳಲ್ಲಿ ಮೊದಲನೆಯದೆಂದು ಹೆಸರಾಗಿರುವ ವಿಸ್ಕಾನ್ಸಿನ್‌ನ ಮ್ಯಾಡಿಸನ್ ಪಟ್ಟಣದ ಮನೆಯನ್ನೂ ಕಟ್ಟಿಸಿಕೊಂಡವನು ಹರ್ಬರ್ಟ್ ಜೇಕಬ್ಸ್ ಎಂಬ ಪತ್ರಕರ್ತನೇ. ಆದರೆ ಸಾಲ ಹುಟ್ಟುವುದು ಅಮೆರಿಕದಲ್ಲಿಯೂ ಸುಲಭವಿರಲಿಲ್ಲ. ಅಟ್ಟವಿಲ್ಲದ, ನೆಲಮಾಳಿಗೆಯಿಲ್ಲದ, ಚಪ್ಪಟೆ ಸೂರಿನ ಈ ಮನೆಯ ನಕ್ಷೆ ನೋಡಿದವರು ಇದು ಬಿಳಿಯಾನೆಯಾಗುತ್ತದೆ ಎಂದು ಪೋಪ್‌ಗೆ ಸಾಲ ನಿರಾಕರಿಸಿದರು. ಕೊನೆಗೆ ಪತ್ರಿಕೆಯೇ 5,700 ಡಾಲರ್ ಕೊಟ್ಟು, ವಾರಕ್ಕೆ 12 ಡಾಲರಿನಂತೆ ಸಂಬಳದಲ್ಲಿ ಮುರಿದುಕೊಳ್ಳಲು ಒಪ್ಪಿತು. ದುಡ್ಡಿಗೆ ತಕ್ಕಂತೆ ನಕ್ಷೆಯನ್ನು 1,800 ಚದರಡಿಯಿಂದ 1,200ಕ್ಕೆ ಇಳಿಸಲಾಯಿತು. ಹಾಗಿದ್ದೂ ಖರ್ಚು ಏಳು ಸಾವಿರದ ಹತ್ತಿರ ಹೋಯಿತಂತೆ. ಅಂದುಕೊಂಡ ದುಡ್ಡಿನಲ್ಲಿ ಮುಗಿದ ಮನೆಯನ್ನು ನಾನಂತೂ ಎಲ್ಲಿಯೂ ಕಂಡಿಲ್ಲ. 1,200 ಚದರಡಿ ಎಂದರೆ ನಮ್ಮಲ್ಲಿ ಮೂವತ್ತು-ನಲವತ್ತರ ಒಂದು ಸೈಟು. ಮೈಸೂರಿನಲ್ಲಿ ನಾನು ಕಚೇರಿ ಸಾಲದಲ್ಲಿ ಮನೆ ಕಟ್ಟಿಸಿದ್ದೂ ಅಂಥದ್ದೇ ಸೈಟಿನಲ್ಲಿ, ಕಂತು ಮುರಿದುಕೊಂಡದ್ದೂ ಸಂಬಳದಲ್ಲೇ.

ಮನೆಗೆ ಗ್ಯಾರೇಜ್ ಇಲ್ಲ. ಗೋಡೆಯ ಖರ್ಚು ಉಳಿಸಲು ರೈಟ್ ಸೂರನ್ನೇ ಮುಂದಕ್ಕೆ ಚಾಚಿ ಕಾರಿಗೆ ನೆರಳು ಮಾಡಿದ್ದಾರೆ. ಅದರಡಿಯಿಂದ ಬಾಗಿಲು ದಾಟಿದರೆ ತಲೆಯ ಮೇಲೆ ಚಾವಣಿ ಎಷ್ಟು ತಗ್ಗೆಂದರೆ ಎತ್ತರದವರು ತಮಗರಿವಿಲ್ಲದೆ ಕತ್ತು ಬಗ್ಗಿಸುತ್ತಾರೆ. ಅಲ್ಲಿಂದ ಕೆಲವು ಮೆಟ್ಟಿಲು ಇಳಿದೊಡನೆ ಪಡಸಾಲೆ; ಅಲ್ಲಿ 11.5 ಅಡಿ ಎತ್ತರ ತೆರೆದುಕೊಳ್ಳುತ್ತದೆ. ತಗ್ಗಿನಿಂದ ಎತ್ತರಕ್ಕೆ ಕರೆತರುವ ಈ ಉಪಾಯದಿಂದ ಕೋಣೆ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಗೋಡೆಯ ಮೇಲ್ಭಾಗದಲ್ಲಿ ಸಾಲಾಗಿ ಜಾಲಂದ್ರಗಳಿವೆ. ಚಿತ್ತಾರ ಕೊರೆದ ಎರಡು ಪ್ಲೈವುಡ್ ಹಲಗೆಗಳ ನಡುವೆ ಗಾಜು ಸೇರಿಸಿ ಮಾಡಿದವು. ನಾವು ಹೋದಾಗ ಬೆಳಗಿನ ಹನ್ನೊಂದು ಗಂಟೆ. ಆ ಚಿತ್ತಾರದ ಬೆಳಕು ಎದುರಿನ ಇಟ್ಟಿಗೆ ಗೋಡೆಯ ಮೇಲೆ ಬಿದ್ದಿತ್ತು. ಹೊರಡುವ ಹೊತ್ತಿಗೆ ಅದು ಗೋಡೆಯಿಂದ ಇಳಿದು ಊಟದ ಮೇಜಿನ ಕಾಲಿಗೆ ಬಂದಿತ್ತು.

ನೆಲವನ್ನು ನೋಡಿ ನನ್ನ ಹೆಂಡತಿಗೆ ಮೊದಲ ಬಾರಿ ಮನೆ ಹಿಡಿಸಿತು. ನಮ್ಮ ರೆಡ್ ಆಕ್ಸೈಡ್ ನೆಲದಂತೆಯೇ ಕೆಂಪು ಬಣ್ಣ ಬೆರೆಸಿದ ಕಾಂಕ್ರೀಟು, ಮೇಲೆ ಮೇಣದ ಹೊಳಪು. ಒಂದು ವ್ಯತ್ಯಾಸವಿದೆ: ನಮ್ಮದು ಕಾಲಿಗೆ ತಂಪೆಂದು ಹಾಕಿಸಿದ ನೆಲ, ಇದರ ಅಡಿಯಲ್ಲಿ ಬಿಸಿನೀರಿನ ಕೊಳವೆಗಳು ಹರಿದು ಚಳಿಗಾಲದಲ್ಲಿ ಮನೆಯನ್ನೆಲ್ಲ ಬೆಚ್ಚಗಿಡುತ್ತವೆ. ನಾನು ಹೆಚ್ಚು ಹೊತ್ತು ನಿಂತದ್ದು ಗೋಡೆಯ ಸ್ಕ್ರೂಗಳ ಮುಂದೆ. ಹಲಗೆಗಳನ್ನು ಹಿಡಿದಿರುವ ಪ್ರತಿಯೊಂದು ಸ್ಕ್ರೂವಿನ ತಲೆಯ ಗೀರೂ, ಹಲಗೆಗೆ ಸಮನಾಗಿ, ಅಡ್ಡಲಾಗಿಯೇ ನಿಂತಿದೆ. ತಿರುಗಿದ್ದನ್ನು ಹುಡುಕುತ್ತ ಕಾರಿಡಾರಿನ ಉದ್ದಕ್ಕೂ ನಡೆದೆ, ಡೆಸ್ಕಿನ ಚಟ. ಒಂದೂ ಸಿಗಲಿಲ್ಲ.

ಅಡುಗೆಮನೆಯ ವಿಷಯದಲ್ಲಿ ಮಾತ್ರ ಹೆಂಡತಿಯ ತೀರ್ಪಿಗೆ ನನ್ನ ಒಪ್ಪಿಗೆಯಿದೆ. ಒಬ್ಬರು ನಿಂತರೆ ಇನ್ನೊಬ್ಬರು ದಾಟುವುದು ಕಷ್ಟ. ವರ್ಷಕ್ಕಾಗುವ ಉಪ್ಪಿನಕಾಯಿ ಜಾಡಿ ಎಲ್ಲಿಡಬೇಕು ಎಂಬ ಅವಳ ಪ್ರಶ್ನೆಗೆ ರೈಟ್ ಅವರಲ್ಲಿ ಉತ್ತರವಿದ್ದಂತಿಲ್ಲ.

ಇಷ್ಟೊಂದು ಹಂಬಲಿಸಿ ಪಡೆದ ಮನೆಯಲ್ಲಿ ಪೋಪ್ ದಂಪತಿ ಐದಾರು ವರ್ಷಕ್ಕಿಂತ ಹೆಚ್ಚು ಬಾಳಲಿಲ್ಲ. 1941ರಲ್ಲಿ ಒಕ್ಕಲಾದವರು 1946ರಲ್ಲಿ, ಹೊಲದ ಬದುಕಿನ ಆಸೆಗೆ, ಮನೆಯನ್ನು 17,000 ಡಾಲರಿಗೆ ಮಾರಿದರು. ಕೊಂಡವರು ರಾಬರ್ಟ್ ಮತ್ತು ಮಾರ್ಜೊರಿ ಲೀಹಿ. ರೈಟ್‌ಗೆ ಕಾಗದ ಬರೆಯದ, ಸಿದ್ಧ ಮನೆಯೊಳಗೆ ಕಾಲಿಟ್ಟ ಈ ಹೆಂಗಸೇ ಮನೆಯನ್ನು ಉಳಿಸಿದ್ದು ನನಗೆ ಈ ಕಥೆಯ ಅತ್ಯಂತ ಕುತೂಹಲದ ಭಾಗ. 1963ರಲ್ಲಿ ಗಂಡ ತೀರಿಕೊಂಡ. ಹೊಸ 66ನೇ ಹೆದ್ದಾರಿ ಮನೆಯ ಮೇಲೆಯೇ ಹಾಯಲಿದೆ ಎಂಬ ಸುದ್ದಿಯೂ ಆ ಹೊತ್ತಿಗೇ ಬಂತು. ಆಕೆ ಮನೆಯನ್ನೂ ಸರ್ಕಾರ ಕೊಟ್ಟ ಪರಿಹಾರದ ಹಣವನ್ನೂ ಹಳೆಯ ಕಟ್ಟಡಗಳನ್ನು ಕಾಯುವ ರಾಷ್ಟ್ರೀಯ ಸಂರಕ್ಷಣಾ ಟ್ರಸ್ಟಿಗೆ ಒಪ್ಪಿಸಿದಳು. ಹಲಗೆಗಳನ್ನು ಬಿಚ್ಚಿ, ಮನೆ ಮೊದಲು ನಿಂತಿದ್ದ ಫಾಲ್ಸ್ ಚರ್ಚ್ ಎಂಬ ಊರಿನಿಂದ ವುಡ್‌ಲಾನ್‌ಗೆ ತಂದು ಮತ್ತೆ ಜೋಡಿಸಿದರು. ನೆಲವನ್ನು ಹೊತ್ತು ತರಲಾಗದು; ನಾವು ಮೆಚ್ಚಿದ ಕೆಂಪು ಕಾಂಕ್ರೀಟು ಪೋಪ್ ನಡೆದಾಡಿದ್ದಲ್ಲ. ಹೊಸ ಜಾಗದ ಜೇಡಿಮಣ್ಣು ಕುಸಿಯತೊಡಗಿದ್ದರಿಂದ 1990ರ ದಶಕದಲ್ಲಿ ಮನೆಯನ್ನು ಇನ್ನೊಮ್ಮೆ, ಸುಮಾರು ಮೂವತ್ತು ಅಡಿ ಆಚೆಗೆ ಸರಿಸಬೇಕಾಯಿತು. ಅದನ್ನು ನೋಡಲು ಮಾರ್ಜೊರಿ ಇರಲಿಲ್ಲ. ಕೆಲವು ವರ್ಷ ಜಪಾನಿನಲ್ಲಿದ್ದು 1969ರಲ್ಲಿ ಹಿಂದಿರುಗಿದ ಆಕೆ, ದಾನ ಕೊಟ್ಟ ಅದೇ ಮನೆಯಲ್ಲಿ, ಪ್ರವಾಸಿಗರು ಬಂದು ಹೋಗುವ ನಡುವೆಯೇ, 1983ರಲ್ಲಿ ಕಣ್ಣು ಮುಚ್ಚುವವರೆಗೂ ಬಾಳಿದಳು. ಇಬ್ಬರ ಹೆಸರೂ ಸೇರಿ ಇಂದು ಅದು ಪೋಪ್-ಲೀಹಿ ಮನೆ.

ಹಿಂದಿರುಗುವಾಗ ಸ್ವಲ್ಪ ಸುತ್ತಾದರೂ ಫಾಲ್ಸ್ ಚರ್ಚಿನ ಮೇಲಿಂದ ಹೋಗೋಣವೆಂದು ಮಗಳನ್ನು ಕೇಳಿಕೊಂಡೆ. 66ನೇ ಹೆದ್ದಾರಿಯ ಎರಡೂ ಬದಿಗೆ ಸದ್ದು ತಡೆಯುವ ಎತ್ತರದ ಗೋಡೆಗಳು; ನಿಲ್ಲಿಸುವಂತಿಲ್ಲ, ನಿಧಾನಿಸುವಂತೆಯೂ ಇಲ್ಲ. "ಇಲ್ಲೇ ಎಲ್ಲೋ ಇರಬೇಕು ಅಪ್ಪ" ಎಂದು ಮಗಳು ಹೇಳಿ ಮುಗಿಸುವಷ್ಟರಲ್ಲಿ ಊರು ದಾಟಿತ್ತು. ಹಿಂದಿನ ಸೀಟಿನಲ್ಲಿ ಹೆಂಡತಿ ಚಕ್ಕುಲಿಯ ಡಬ್ಬಿ ಬಿಚ್ಚುತ್ತಿದ್ದಳು.