ಎರಡು ದಿನ, ಮೂರು ಬ್ರೂಪಬ್: ಶಿವಮೊಗ್ಗದಿಂದ ಹೊರಡುವ ಲೆಕ್ಕ

ಮೊದಲ ವಾರ: ದಿನ ಹಿಡಿಯೋದು

ತಂಡದಲ್ಲಿ ನಾಲ್ಕು ಜನ. ಇಬ್ಬರು ಶಿವಮೊಗ್ಗ, ಒಬ್ಬರು ಸಾಗರ, ಒಬ್ಬರು ತೀರ್ಥಹಳ್ಳಿ. ಗುರಿ ಬೆಂಗಳೂರಿನ ಕ್ರಾಫ್ಟ್ ಬಿಯರ್, ಅಂದರೆ ಬ್ರೂಪಬ್‌ಗಳು ತಮ್ಮಲ್ಲೇ ಸಣ್ಣ ಪ್ರಮಾಣದಲ್ಲಿ ತಯಾರಿಸಿ ಅಲ್ಲೇ ಮಾರುವ ಬಿಯರ್. ಹೊರಡುವ ಮುಂಚೆ ವಾರವಾರ ಮಾಡಿಕೊಂಡ ತಯಾರಿ ಇದು.

ಮಲೆನಾಡಿನವರಿಗೆ ಯಾವ ತಿರುಗಾಟವಾದರೂ ಮೊದಲು ಅಡ್ಡ ಬರೋದು ಅಡಿಕೆ. ದೀಪಾವಳಿ ಆಸುಪಾಸಿನಿಂದ ಕೊಯ್ಲು, ಸುಲಿಯೋದು, ಬೇಯಿಸೋದು ಅಂತ ತೋಟದವರು ಫೆಬ್ರವರಿವರೆಗೆ ಕದಲುವ ಹಾಗಿಲ್ಲ. ಜೂನ್ ಹಿಡಿದರೆ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ. ನಡುವೆ ಸಿಗೋದು ಮಾರ್ಚ್‌ನಿಂದ ಮೇ. ಬೇಸಿಗೆಯಲ್ಲಿ ಬೆಂಗಳೂರಿನ ಹಲವು ಬ್ರೂಪಬ್‌ಗಳು ಮಾವಿನ ಬಿಯರ್ ಮಾಡುತ್ತವೆ, ಹಾಗಾಗಿ ಏಪ್ರಿಲ್ ಕೊನೆ ಅಂತ ಗುರುತು ಹಾಕಿಕೊಂಡೆವು. ಮಾವು ಅಂದ ಕೂಡಲೇ ರಸಾಯನದಂಥ ಸಿಹಿ ಕಾಯುವವರಿಗೆ ಒಂದು ಮಾತು: ತಿರುಳಿನ ಸಕ್ಕರೆಯನ್ನು ಬಿಯರ್ ಹುದುಗಿಸುವ ಯೀಸ್ಟ್ ತಿಂದುಬಿಡುತ್ತದೆ. ಉಳಿಯೋದು ಪರಿಮಳ, ತುಸು ಹುಳಿ ಮಾತ್ರ. ಸಿಹಿಯೇ ಮುಂದಾಗಿದ್ದರೆ ಸಿರಪ್ ಸುರಿದಿದ್ದಾರಾ ಅಂತ ಕೇಳಬೇಕು.

ವಾರದ ಯಾವ ದಿನ? ಶನಿವಾರ, ಭಾನುವಾರ ಕೂಡದು. ಜಾಗ ಸಿಗೋದಿಲ್ಲ, ಗಲಾಟೆಯಲ್ಲಿ ಮೂಗಿಗೆ ಕೆಲಸವಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡಲು ಯಾರಿಗೂ ಪುರುಸೊತ್ತಿಲ್ಲ. ಸೋಮವಾರವೂ ಬೇಡ, ವಾರಾಂತ್ಯದಲ್ಲಿ ಒಂದೆರಡು ಟ್ಯಾಂಕ್ ಖಾಲಿಯಾಗಿ ಬಿಯರ್ ಪಟ್ಟಿ ಮೋಟಾಗಿರುತ್ತದೆ. ಬುಧ, ಗುರುವಾರ ಅಂತ ತೀರ್ಮಾನ. ಬ್ರೂವರ್‌ಗಳು, ಅಂದರೆ ಬಿಯರ್ ತಯಾರಿಸುವವರು, ಸಾಮಾನ್ಯವಾಗಿ ಹಗಲಿನಲ್ಲಿ ಕೆಲಸ ಮಾಡುವವರು, ಮಧ್ಯಾಹ್ನ ಹೋದರೆ ಮಾತಿಗೆ ಸಿಗುವ ಸಾಧ್ಯತೆ ಹೆಚ್ಚು.

ಮದ್ಯ ಮಾರಾಟ ಬಂದ್ ಇರುವ ಒಣ ದಿನಗಳನ್ನು ಕ್ಯಾಲೆಂಡರಿನಲ್ಲಿ ಹೊಡೆದುಹಾಕಿದ್ದೂ ಆಯ್ತು. ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಎಲ್ಲರಿಗೂ ಗೊತ್ತು. ಮರೆತುಹೋಗೋದು ಚುನಾವಣೆ: ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಬಂದ್, ಎಣಿಕೆಯ ದಿನವೂ ಬಂದ್ ಇರುತ್ತದೆ. ಜಾತ್ರೆ, ಮೆರವಣಿಗೆಗೆ ಪೊಲೀಸರು ಒಂದೊಂದು ಬಡಾವಣೆಗೆ ಬೇರೆ ಆದೇಶ ಹೊರಡಿಸುತ್ತಾರೆ, ಅದನ್ನು ಹೊರಡುವ ಹಿಂದಿನ ದಿನ ನೋಡಿಕೊಳ್ಳಬೇಕು.

ಎರಡನೇ ವಾರ: ಮೊದಲ ಯೋಜನೆ ಯಾಕೆ ಬಿತ್ತು

ಮೊದಲ ಕರಡಿನಲ್ಲಿ ಕಾರು ಇತ್ತು, ಒಂದೇ ದಿನಕ್ಕೆ ನಾಲ್ಕು ಬ್ರೂಪಬ್ ಇತ್ತು, ಅದೇ ರಾತ್ರಿ ವಾಪಸ್ ಇತ್ತು. ಕಾಗದದ ಮೇಲೆ ಚೆಂದ. ಗ್ರಾಂ ಲೆಕ್ಕ ಹಾಕಿದ ಮೇಲೆ ಮೂರೂ ಹೋದವು.

ಲೆಕ್ಕ ಹೀಗೆ: ಮಿಲಿ ಗುಣಿಸು ಆಲ್ಕೋಹಾಲ್ ಶೇಕಡಾ, ಅದನ್ನು 100ರಿಂದ ಭಾಗಿಸಿ 0.79ರಿಂದ ಗುಣಿಸು. ಬಂದದ್ದು ಶುದ್ಧ ಆಲ್ಕೋಹಾಲಿನ ಗ್ರಾಂ. ಬಗೆಬಗೆಯ ಬಿಯರಿನ ರುಚಿ ನೋಡಲು ಕೊಡುವ ಆರು ಪುಟ್ಟ ಲೋಟದ ಸ್ಯಾಂಪ್ಲರ್ ಟ್ರೇ, ಲೋಟಕ್ಕೆ 100 ಮಿಲಿ, ಸರಾಸರಿ 5.5 ಶೇಕಡಾ ಅಂದುಕೊಂಡರೆ 600 ಮಿಲಿಗೆ 26 ಗ್ರಾಂ. ಅದರ ಮೇಲೆ ಒಂದು ಅರ್ಧ ಲೀಟರ್ ಗ್ಲಾಸು ಅಂದರೆ ಇನ್ನೊಂದು 22. ಒಂದು ಜಾಗಕ್ಕೆ 48, ನಾಲ್ಕು ಜಾಗಕ್ಕೆ 192 ಗ್ರಾಂ. ಲಿವರ್ ಗಂಟೆಗೆ ಇಳಿಸೋದು ಹೆಚ್ಚುಕಮ್ಮಿ 8 ಗ್ರಾಂ. ಪೂರ್ತಿ ಇಳಿಯಲು ಒಂದು ಇಡೀ ದಿನ ಬೇಕು. ಮೂರನೇ ಜಾಗದ ಹೊತ್ತಿಗೆ ನಾಲಿಗೆ ಸತ್ತಿರುತ್ತದೆ. ಅಲ್ಲಿಂದಾಚೆ ಕುಡಿದದ್ದೆಲ್ಲ ದುಡ್ಡು ದಂಡ.

ಕಾರಿನ ಮಾತು ಇನ್ನೂ ನೇರ. ಕಾನೂನಿನ ಗಡಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. 65 ಕಿಲೋ ತೂಕದ ಗಂಡಸಿಗೆ ಬರೀ 13 ಗ್ರಾಂ, ಅಂದರೆ ಅರ್ಧ ಟ್ರೇ ಹೋದರೇ ಆ ಗಡಿ ಮುಟ್ಟಿದ ಹಾಗೆ. ಹೆಂಗಸರಿಗೆ, ತೂಕ ಕಮ್ಮಿ ಇರುವವರಿಗೆ ಅದಕ್ಕೂ ಮೊದಲೇ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ಅಂತ ಸುಮಾರು 300 ಕಿಲೋಮೀಟರ್ ಓಡಿಸಲು ಒಬ್ಬರನ್ನು ಒಣಗಿಸಿ ಕೂರಿಸುವುದಕ್ಕಿಂತ ರೈಲು ವಾಸಿ.

ಆದರೆ ರೈಲಿಗೂ ನಿಯಮ ಇದೆ. ರೈಲ್ವೆ ಕಾಯ್ದೆಯ 145ನೇ ಕಲಮಿನಡಿ ಅಮಲೇರಿ ಬೋಗಿ ಹತ್ತೋದೇ ಅಪರಾಧ. ನಮ್ಮ ಮೆಟ್ರೊಗೆ ಅನ್ವಯಿಸುವ ಕಾಯ್ದೆಯಲ್ಲೂ ಇಂಥದ್ದೇ ಕಲಮಿದೆ. ಹಾಗಾಗಿ ಕೊನೆಯ ಲೋಟಕ್ಕೂ ರಾತ್ರಿ ರೈಲಿಗೂ ನಡುವೆ ಕನಿಷ್ಠ ಆರು ಗಂಟೆ ಬಿಡೋದು ಅಂತ ನಿಯಮ ಮಾಡಿಕೊಂಡೆವು. ಉಳಿದ ಯೋಜನೆಯೆಲ್ಲ ಈ ಆರು ಗಂಟೆಯ ಸುತ್ತ ಕಟ್ಟಿದ್ದು.

ಹೊಸ ಅಳತೆ: ಇಬ್ಬರಿಗೆ ಒಂದು ಟ್ರೇ, ತಲೆಗೆ 13 ಗ್ರಾಂ. ಅದರಲ್ಲಿ ಹಿಡಿಸಿದ್ದು ಒಂದನ್ನು 330 ಮಿಲಿ ತರಿಸಿದರೆ, 5 ಶೇಕಡಾದ್ದಾದರೆ, ಇನ್ನೊಂದು 13. ಒಂದು ಜಾಗಕ್ಕೆ ಒಟ್ಟು 26. ಬೆಲ್ಜಿಯನ್ ಸ್ಟ್ರಾಂಗ್ ಥರದ 8 ಶೇಕಡಾದ್ದನ್ನು ಆರಿಸಿಕೊಂಡರೆ ಅದೇ ಲೋಟಕ್ಕೆ 21 ಗ್ರಾಂ ಆಗುತ್ತದೆ, ಅಂಥದ್ದನ್ನು ಇಬ್ಬರು ಹಂಚಿಕೊಳ್ಳಬೇಕು. ಮೊದಲ ದಿನ ಎರಡು ಜಾಗ, ಎರಡನೇ ದಿನ ಒಂದು. ಮೂರೇನಾ ಅಂತ ಮೂಗು ಮುರಿಯುವವರು ಮೇಲಿನ 192 ಅನ್ನು ಇನ್ನೊಮ್ಮೆ ನೋಡಲಿ.

ಮೂರನೇ ವಾರ: ದಾರಿ

ಬೆಂಗಳೂರಿನಲ್ಲಿ ಬ್ರೂಪಬ್‌ಗಳು ಹೆಣ್ಣೂರು, ಸರ್ಜಾಪುರ, ಜೆ.ಪಿ. ನಗರ ಅಂತ ದಿಕ್ಕಿಗೊಂದು ಚದುರಿವೆ. ಒಳ್ಳೆಯವನ್ನೆಲ್ಲ ಆರಿಸಿ ಆಮೇಲೆ ದಾರಿ ಹುಡುಕಿದರೆ ಅರ್ಧ ದಿನ ಸಿಗ್ನಲ್‌ನಲ್ಲಿ ಕಳೆಯುತ್ತದೆ. ನಾವು ಉಲ್ಟಾ ಮಾಡಿದೆವು: ಮೊದಲು ಮೆಟ್ರೊದ ನೇರಳೆ ಮಾರ್ಗ, ಆಮೇಲೆ ಅದರ ಮಗ್ಗುಲಲ್ಲಿ ಇರುವವು.

ಇಂದಿರಾನಗರದ 100 ಅಡಿ ರಸ್ತೆಯ ಟಾಯ್ಟ್ ಮೊದಲನೆಯದು. 2010ರಲ್ಲಿ ಶುರುವಾದದ್ದು, ಇಂದಿರಾನಗರ ನಿಲ್ದಾಣದಿಂದ ನಡೆದೇ ಹೋಗಬಹುದು. ಅಲ್ಲಿನ ಬಾಸ್ಮತಿ ಬ್ಲಾಂಡ್ ಅಕ್ಕಿ ಹಾಕಿದ ಬಿಯರ್. ಗದ್ದೆ ಸೀಮೆಯವರು ನೋಡಲೇಬೇಕಾದ್ದು. ಅಕ್ಕಿ ಬಿಯರನ್ನು ಬಾಯಿಗೆ ಹಗುರ ಮಾಡುತ್ತದೆ, ತನ್ನದೇ ರುಚಿ ಹೆಚ್ಚು ಬಿಡೋದಿಲ್ಲ. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ನೆನೆಸುವ 65–68 ಡಿಗ್ರಿಯಲ್ಲಿ ಅಕ್ಕಿಯ ಪಿಷ್ಟ ಸರಿಯಾಗಿ ಬಿಚ್ಚಿಕೊಳ್ಳೋದಿಲ್ಲ, ಅದಕ್ಕೆ ಮೊದಲೇ ಬೇಯಿಸಿಕೊಳ್ಳಬೇಕು. ಇಲ್ಲವೇ ಬೆಂದು ಚಪ್ಪಟೆಯಾದ ಅಕ್ಕಿ ಹಾಕಬೇಕು, ಅಂದರೆ ಹೆಚ್ಚುಕಮ್ಮಿ ನಮ್ಮ ಅವಲಕ್ಕಿ.

ಎರಡನೆಯದು ಮ್ಯಾಗ್ರಾತ್ ರಸ್ತೆಯಲ್ಲಿ ಗರುಡಾ ಮಾಲ್ ಹತ್ತಿರದ ಆರ್ಬರ್, ಅಮೆರಿಕದ ಆ್ಯನ್ ಆರ್ಬರ್ ಊರಿನ ಬ್ರೂಪಬ್‌ನ ನಂಟು ಇರುವುದು. ಎಂ.ಜಿ. ರಸ್ತೆ ನಿಲ್ದಾಣದಲ್ಲಿ ಇಳಿಯೋದು. ಕಹಿ ಇಲ್ಲಿಗೆ ಮೀಸಲು: ಅವರ ರೇಜಿಂಗ್ ಎಲಿಫೆಂಟ್ ಐಪಿಎ. ಐಪಿಎ ಅಂದರೆ ಕಹಿ ಕೊಡುವ ಹಾಪ್ಸ್ ಹೂವನ್ನು ಹೆಚ್ಚು ಹಾಕಿದ ಬಿಯರ್. ಮೂರನೆಯದು ವೈಟ್‌ಫೀಲ್ಡ್ ಕಡೆ ಇಪಿಐಪಿ ಪ್ರದೇಶದ ವಿಂಡ್‌ಮಿಲ್ಸ್. ನೇರಳೆ ಮಾರ್ಗ ಇಳಿದು ಒಂದು ಆಟೋ. ಹಳೇ ಮದ್ರಾಸ್ ರಸ್ತೆ ಬದಿಯ ಗೈಸ್ಟ್ ಕಾರ್ಖಾನೆಯೂ ಪಟ್ಟಿಯಲ್ಲಿತ್ತು, ಮೆಟ್ರೊದಿಂದ ದೂರ ಅಂತ ಮುಂದಿನ ಸಲಕ್ಕೆ ಬಿಟ್ಟೆವು.

ಹೋಗೋದು ಶಿವಮೊಗ್ಗದಿಂದ ನಸುಕಿನ ಜನಶತಾಬ್ದಿ. ಯಶವಂತಪುರದಲ್ಲೇ ಇಳಿದು ಹಸಿರು ಮಾರ್ಗ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲು. ತೀರ್ಥಹಳ್ಳಿಗೆ ರೈಲಿಲ್ಲ, ಆ ಹೊತ್ತಿಗೆ ಹೊಂದುವ ಬಸ್ಸನ್ನು ನಂಬುವ ಹಾಗೂ ಇಲ್ಲ. ಅಲ್ಲಿಯವರು ಹಿಂದಿನ ರಾತ್ರಿಯೇ ಶಿವಮೊಗ್ಗಕ್ಕೆ ಬಂದು ಮಲಗಬೇಕು. ಸಾಗರದವರಿಗೂ ಅದೇ. ವಾಪಸ್ ಬರೋದು ತಾಳಗುಪ್ಪದ ರಾತ್ರಿ ರೈಲು, ಸಾಗರದವರು ನಿದ್ದೆಯಲ್ಲೇ ಊರು ಮುಟ್ಟಬಹುದು. ಮುಂಗಡ ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ, ಬೇಸಿಗೆ ರಜೆಯಲ್ಲಿ ಸ್ಲೀಪರ್ ಬೇಗ ಮುಗಿಯುತ್ತದೆ. ಲಾಡ್ಜ್‌ಗೆ 24 ಗಂಟೆ ಚೆಕ್‌ಔಟ್ ಇದೆಯಾ ಅಂತ ಮೊದಲೇ ಕೇಳಬೇಕು. ಬೆಳಿಗ್ಗೆ ಹತ್ತೂವರೆಗೆ ಕೋಣೆ ಹೊಕ್ಕವರಿಗೆ ಮಧ್ಯಾಹ್ನ 12ರ ಚೆಕ್‌ಔಟ್ ನಷ್ಟ.

ಫೋನಿನಲ್ಲಿ ಕೇಳಬೇಕಾದ್ದು ಇಷ್ಟು: ಇವತ್ತು ನಲ್ಲಿಯಲ್ಲಿ ಯಾವ್ಯಾವ ಬಿಯರ್ ಇದೆ, ಟ್ರೇಯಲ್ಲಿ ಎಷ್ಟು ಲೋಟ, ಒಂದೊಂದು ಎಷ್ಟು ಮಿಲಿ, ಬ್ರೂವರ್ ಯಾವ ಹೊತ್ತಿಗೆ ಇರುತ್ತಾರೆ, ಟ್ಯಾಂಕ್ ನೋಡಲು ಬಿಡುತ್ತಾರಾ. ಜಾಲತಾಣದ ಮೆನು ನಂಬಿ ಹೋಗಬಾರದು. ಬೆಚ್ಚಗೆ ಹುದುಗುವ ಏಲ್ ಬಗೆಯ ಬಿಯರ್ ಆದರೆ ಎರಡು ವಾರದ ಆಸುಪಾಸಿನಲ್ಲಿ ತಯಾರು, ಲಾಗರ್ ಬಗೆಯದ್ದು ತಣ್ಣಗೆ ಮಲಗಿ ಹಣ್ಣಾಗಲು ನಾಲ್ಕು ವಾರಕ್ಕೂ ಮೇಲೆ ಟ್ಯಾಂಕ್ ಹಿಡಿದಿಡುತ್ತದೆ. ಜಾಗ ಕಮ್ಮಿ ಇರುವ ಕಡೆ ಲಾಗರ್ ಮುಗಿದರೆ ಬೇಗ ಮತ್ತೆ ಬರೋದಿಲ್ಲ. ವಯಸ್ಸು 21 ದಾಟಿರಬೇಕು, ಗುರುತಿನ ಚೀಟಿ ಎಲ್ಲರ ಕಿಸೆಯಲ್ಲೂ ಇರಲಿ, ತಲೆ ನರೆತವರದ್ದೂ.

ನಾಲ್ಕನೇ ವಾರ: ಮೂಗಿನ ಅಭ್ಯಾಸ

ಇದು ಮನೆಯಲ್ಲೇ ಆಗುವ ಕೆಲಸ, ಖರ್ಚು ನೂರು ರೂಪಾಯಿ ದಾಟದು. ಏಳು ಸ್ಟೀಲ್ ಲೋಟ, ಮೇಲೆ ಮುಚ್ಚಲು ತಟ್ಟೆ. ಒಂದೊಂದರಲ್ಲಿ ಇವು: ಕರಗಿಸಿದ ಬೆಣ್ಣೆ ಅರ್ಧ ಚಮಚ, ಹೆಚ್ಚಿದ ಹಸಿರು ಸೇಬು, ಬೇಯಿಸಿದ ಸಿಹಿಜೋಳದ ನೀರು, ನೆನೆಸಿದ ರಟ್ಟಿನ ಚೂರು, ಜಜ್ಜಿದ ಎರಡು ಲವಂಗ, ಚೆನ್ನಾಗಿ ಹಣ್ಣಾದ ಬಾಳೆ, ಕುಟ್ಟಿದ ಕೊತ್ತಂಬರಿ ಬೀಜ. ಹತ್ತು ನಿಮಿಷ ಮುಚ್ಚಿಟ್ಟು ಕಣ್ಣುಕಟ್ಟಿ ಮೂಸಬೇಕು. ಒಂದು ಮೂಸಿದ ಮೇಲೆ ತಮ್ಮ ಅಂಗಿಯ ತೋಳನ್ನು ಮೂಸಿಕೊಂಡರೆ ಮೂಗು ಮತ್ತೆ ಸಮಕ್ಕೆ ಬರುತ್ತದೆ. ಸೇಬು ಮತ್ತು ಬಾಳೆ ಅದಲುಬದಲಾಗೋದು ಸಾಮಾನ್ಯ, ಮೂರನೇ ಸುತ್ತಿಗೆ ಸರಿಹೋಗುತ್ತದೆ.

ಬಾಳೆ, ಲವಂಗ ಎರಡೂ ಜರ್ಮನ್ ಬಗೆಯ ಗೋಧಿ ಬಿಯರಿನ ಗುಣ, ಅದರ ಯೀಸ್ಟ್ ಕೊಡುವಂಥದ್ದು. ಬಾಳೆಹಣ್ಣು ಹಾಕಿದ್ದಾರೆ ಅಂದುಕೊಳ್ಳಬಾರದು. ಕೊತ್ತಂಬರಿ ಬೀಜವನ್ನು ಬೆಲ್ಜಿಯನ್ ವಿಟ್ ಅನ್ನುವ ಗೋಧಿ ಬಿಯರಿನಲ್ಲಿ ನಿಜವಾಗಿಯೂ ಹಾಕುತ್ತಾರೆ, ಜೊತೆಗೆ ಕಿತ್ತಳೆ ಸಿಪ್ಪೆ. ಉಳಿದ ನಾಲ್ಕು ದೋಷ. ಬೆಣ್ಣೆ ವಾಸನೆ ಹುದುಗುವಾಗ ಹುಟ್ಟುವ ಡೈಅಸಿಟೈಲ್ ಅನ್ನುವ ವಸ್ತುವಿನದ್ದು. ಹುದುಗು ಮುಗಿಯುವ ಹೊತ್ತಿಗೆ ಯೀಸ್ಟನ್ನು ಒಂದೆರಡು ದಿನ ತುಸು ಬೆಚ್ಚಗೆ ಬಿಟ್ಟರೆ ಅದೇ ಹೀರಿಕೊಳ್ಳುತ್ತದೆ, ಆತುರಪಟ್ಟು ತಣ್ಣಗೆ ಮಾಡಿದರೆ ಉಳಿದುಬಿಡುತ್ತದೆ. ಒಂದೇ ಬಿಯರಿನಲ್ಲಿ ಇದ್ದರೆ ಟ್ಯಾಂಕಿನ ಆತುರ. ಪಕ್ಕಪಕ್ಕದ ನಾಲ್ಕು ಬಿಯರಿನಲ್ಲೂ ಬೆಣ್ಣೆ, ಜೊತೆಗೆ ಹುಳಿ ಅಂದರೆ ನಲ್ಲಿಯ ಪೈಪು ತೊಳೆದಿಲ್ಲ. ಎರಡು ವಾರಕ್ಕೊಮ್ಮೆ ತೊಳೆಯೋದು ಪದ್ಧತಿ. ಹಸಿ ಸೇಬು ಅಂದರೆ ಎಳೆ ಬಿಯರ್, ಬೇಗ ಇಳಿಸಿದ್ದಾರೆ. ಬೆಂದ ಜೋಳ ಅಂದರೆ ಕುದಿತ ಸಾಲದು, ಪಾತ್ರೆಯ ಆವಿ ಹೊರಗೆ ಹೋಗಿಲ್ಲ. ಒದ್ದೆ ರಟ್ಟು ಅಂದರೆ ಗಾಳಿ ಸೋಕಿ ಹಳತಾಗಿದೆ.

ಲೋಟವನ್ನೂ ನೋಡಬೇಕು. ಬೆಳಕಿಗೆ ಹಿಡಿದಾಗ ಗುಳ್ಳೆಗಳು ತಳದಿಂದ ಏಳುವ ಬದಲು ಪಕ್ಕದ ಗೋಡೆಗೆ ಗುಂಪಾಗಿ ಅಂಟಿಕೊಂಡಿದ್ದರೆ ಲೋಟದಲ್ಲಿ ಜಿಡ್ಡಿದೆ. ಶುಚಿಯಾದ ಲೋಟದಲ್ಲಿ ಒಂದೊಂದು ಗುಟುಕಿಗೂ ನೊರೆ ಒಂದೊಂದು ಬಳೆ ಬಿಟ್ಟು ಇಳಿಯುತ್ತದೆ. ಎರಡು ಬೆರಳು ನೊರೆ ನಿಲ್ಲದಿದ್ದರೆ ಬಿಯರನ್ನು ಬೈಯುವ ಮೊದಲು ತಮ್ಮ ತುಟಿ ಒರೆಸಿಕೊಳ್ಳಬೇಕು. ಕಾಂಗ್ರೆಸ್ ಕಡಲೆಬೀಜ ಮೆದ್ದ ಬಾಯಿಯ ಎಣ್ಣೆ ನೊರೆಯನ್ನು ಕೂಡಲೇ ಕೂರಿಸಿಬಿಡುತ್ತದೆ. ಖಾರದ ಕೋಳಿಯೂ ಟ್ರೇ ಮುಗಿಯುವವರೆಗೆ ಬೇಡ, ಗ್ಯಾಸು ಮತ್ತು ಕಹಿ ಸೇರಿ ಖಾರ ದುಪ್ಪಟ್ಟಾಗುತ್ತದೆ. ನಡುನಡುವೆ ಬಾಯಿಗೆ ಸಪ್ಪೆ ಬ್ರೆಡ್ಡು, ನೀರು. ಬರೀ ಮಂಡಕ್ಕಿ ಇದಕ್ಕಿಂತ ಚೆನ್ನ, ಆದರೆ ಹೊರಗಿನ ತಿಂಡಿ ಒಳಗೆ ಬಿಡೋದಿಲ್ಲ.

ಕುಡಿಯುವ ಸಾಲು: ಲಾಗರ್ ಅಥವಾ ಬ್ಲಾಂಡ್, ಗೋಧಿ, ಹಣ್ಣಿನದ್ದು, ಕೆಂಪು ಏಲ್, ಸ್ಟೌಟ್, ಕೊನೆಗೆ ಐಪಿಎ. ಸ್ಟೌಟ್ ಕಪ್ಪಗಿದೆ ಅಂತ ಕೊನೆಗೆ ಇಡುವವರೇ ಹೆಚ್ಚು. ಹುರಿದ ಬಾರ್ಲಿಯ ಕಹಿ ಕಾಫಿಯ ಹಾಗೆ ಬೇಗ ತೊಳೆದುಹೋಗುತ್ತದೆ, ಹಾಪ್ಸ್‌ನ ಕಹಿ ನಾಲಿಗೆ ಹಿಂಭಾಗದಲ್ಲಿ ಕೂತುಬಿಡುತ್ತದೆ. ಸ್ಟೌಟನ್ನು ಟ್ರೇ ಬಂದ ಕೂಡಲೇ ಮುಟ್ಟಬಾರದು. 10–12 ಡಿಗ್ರಿಗೆ ಬಂದಮೇಲೇ ಅದು ಬಾಯಿ ಬಿಡೋದು. ಬೆಂಗಳೂರಿನ ಏಪ್ರಿಲ್‌ನಲ್ಲಿ 15 ನಿಮಿಷ ಸಾಕು.

ಈಗಿನ ಸ್ಥಿತಿ

ಮೊದಲ ದಿನ 12ಕ್ಕೆ ಅನ್ನದ ಊಟ, ಒಂದೂವರೆಗೆ ಇಂದಿರಾನಗರ, ಮೂರೂವರೆಗೆ ಎದ್ದು ನಡಿಗೆ, ಕಾಫಿ. ಐದೂವರೆಗೆ ಮ್ಯಾಗ್ರಾತ್ ರಸ್ತೆ, ಏಳೂವರೆಗೆ ಬಿಲ್ಲು. ಎರಡನೇ ದಿನ ಒಂದಕ್ಕೆ ವೈಟ್‌ಫೀಲ್ಡ್, ಮೂರಕ್ಕೆ ಕೊನೆಯ ಲೋಟ. ಅಲ್ಲಿಂದ ರಾತ್ರಿ ರೈಲಿಗೆ ಆರಕ್ಕೂ ಹೆಚ್ಚು ಗಂಟೆ.

ದುಡ್ಡು ತಲೆಗೆ ಒಂದು ಜಾಗಕ್ಕೆ 1,500 ರೂಪಾಯಿ ಎತ್ತಿಟ್ಟಿದ್ದೇವೆ. ಬಿಲ್ಲಿನಲ್ಲಿ ಮದ್ಯಕ್ಕೆ ಜಿಎಸ್‌ಟಿ ಇಲ್ಲ, ರಾಜ್ಯದ ತೆರಿಗೆ ಬೇರೆ. ತಿಂಡಿಗೆ ಜಿಎಸ್‌ಟಿ ಇದೆ. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ, ಬೇಡ ಅಂದರೆ ತೆಗೆಯಬೇಕು. ಊರಿಗೆ ಕಟ್ಟಿಸಿಕೊಂಡು ಬರುವ ಯೋಚನೆ ಕೈಬಿಟ್ಟಾಯ್ತು. ಪಾಶ್ಚರೀಕರಿಸದ ಬಿಯರ್ ರಾತ್ರಿಯಿಡೀ ಬೋಗಿಯ ಸೆಕೆಯಲ್ಲಿ ಬಂದರೆ ಬೆಳಿಗ್ಗೆ ಮೊದಲಿನ ರುಚಿ ಉಳಿಯೋದಿಲ್ಲ.

ಬಾಕಿ ಇರೋದು ಮೂರು: ವಿಂಡ್‌ಮಿಲ್ಸ್‌ನಲ್ಲಿ ಮಧ್ಯಾಹ್ನದ ಮೇಜು ಕಾಯ್ದಿರಿಸೋದು, ಹೋಗುವ ಟಿಕೆಟ್ ವೇಟಿಂಗ್‌ನಿಂದ ಖಚಿತವಾಗೋದು, ತೀರ್ಥಹಳ್ಳಿಯವರಿಗೆ ಹಿಂದಿನ ರಾತ್ರಿ ಹಾಸಿಗೆ ಯಾರ ಮನೆಯಲ್ಲಿ ಅನ್ನೋದು.