ಸುರಂಗದ ಬಾಯಲ್ಲಿ ತಿದ್ದಿದ ಚಿತ್ರಕಥೆ

ಹದಿನೈದು ನಿಮಿಷದ ವಿದ್ಯಾರ್ಥಿ ಚಿತ್ರವೊಂದನ್ನು ನಿರ್ದೇಶಿಸುವ ಅವಕಾಶ ಈ ವರ್ಷ ನನಗೆ ಒದಗಿದೆ. ಚಿತ್ರೀಕರಣಕ್ಕೆ ಇನ್ನು ಹನ್ನೊಂದು ದಿನಗಳಿವೆ. ಕಥೆ ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲದ ಕಡೆಯದು. ನೀರಿಗಾಗಿ ಗುಡ್ಡಕ್ಕೆ ಕೊರೆದ, ಈಗ ನೀರು ಕಡಿಮೆಯಾಗುತ್ತ ಬಂದ ಹಳೆಯ ಸುರಂಗವನ್ನು ಇನ್ನೂ ಹತ್ತು ಕೋಲು (ಕೋಲೆಂದರೆ ಊರಿನ ಉದ್ದದ ಅಳತೆ) ಮುಂದಕ್ಕೆ ಕೊರೆಸಬೇಕೆಂದು ಹಟ ಹಿಡಿದ ಅಜ್ಜ, ಬೋರ್‌ವೆಲ್ಲೇ ಸಾಕೆನ್ನುವ ಮಗ, ಸುರಂಗ ತೋಡುವ ಮುದುಕ, ಇವರನ್ನೆಲ್ಲ ಜಗಲಿಯಲ್ಲಿ ಕುಳಿತು ನೋಡುವ ಪುಳ್ಳಿ, ಅಂದರೆ ಮೊಮ್ಮಗು: ಇಷ್ಟೇ ಪಾತ್ರಗಳು. ಚಿತ್ರಕಥೆ ಮುಗಿಯಿತೆಂದುಕೊಂಡೇ ನಾನು ಊರಿಗೆ ಬಂದಿದ್ದೆ. ಕಳೆದ ಏಳು ವಾರಗಳ ಪೂರ್ವಸಿದ್ಧತೆಯಲ್ಲಿ ಅದರ ಅರ್ಧದಷ್ಟನ್ನು ಊರೇ ಮತ್ತೆ ಬರೆಸಿದೆ.

ಮೊದಲು ಬದಲಾದದ್ದು ಸುರಂಗದ ದೃಶ್ಯ. ಅಜ್ಜನೂ ತೋಡುವವನೂ ಸುರಂಗದೊಳಗೆ ಎದುರುಬದುರಾಗಿ ನಿಂತು ಮೂರು ಪುಟ ಮಾತಾಡುತ್ತಾರೆ, ಕ್ಯಾಮೆರಾ ಅವರ ಸುತ್ತ ನಿಧಾನವಾಗಿ ಚಲಿಸುತ್ತದೆ ಎಂದು ಬರೆದಿದ್ದೆ. ಚಿಕ್ಕಂದಿನಿಂದ ಸುರಂಗದ ನೀರು ಕುಡಿದು ಬೆಳೆದ ನಾನೇ ಹೀಗೆ ಬರೆದದ್ದು ನನಗೆ ಇಂದಿಗೂ ನಾಚಿಕೆಯ ಸಂಗತಿ. ಗುಡ್ಡದ ಮುರಕಲ್ಲನ್ನು (ಜಂಬಿಟ್ಟಿಗೆ ಕಲ್ಲನ್ನು) ಅಡ್ಡಲಾಗಿ ಕೊರೆದು ಮಾಡುವ ಸುರಂಗ ಒಬ್ಬ ಮನುಷ್ಯ ನಡೆದು ಹೋಗುವಷ್ಟೇ ಅಗಲವಿರುತ್ತದೆ. ಅಲ್ಲಿ ಇಬ್ಬರು ಒಬ್ಬರನ್ನೊಬ್ಬರು ದಾಟಿ ಹೋಗುವುದೇ ಕಷ್ಟ. ಛಾಯಾಗ್ರಾಹಕನೊಂದಿಗೆ ಒಳಗೆ ಹೋದಾಗ ಕೆಲವೇ ಹೆಜ್ಜೆಗಳಲ್ಲಿ ಹಗಲು ಹಿಂದೆ ಉಳಿಯಿತು. ನಮ್ಮ ಜೊತೆಗಿದ್ದ ಹಿರಿಯರು, ಜೀವಮಾನವಿಡೀ ಸುರಂಗ ತೋಡಿದವರು, ಒಂದು ಮೇಣದ ಬತ್ತಿ ಹಚ್ಚಿ ಮುಂದಿಟ್ಟರು. ಬತ್ತಿ ಸಣ್ಣದಾದರೆ ಒಳಗೆ ಗಾಳಿ ಸಾಲದು ಎಂದರ್ಥ, ಆಗ ಯಾರೇ ಆಗಲಿ ಹಿಂದಿರುಗಬೇಕು. ಅಂಥ ಕಡೆ ದೀಪ, ಸ್ಟ್ಯಾಂಡ್, ನಾಲ್ಕು ಜನ ಸಹಾಯಕರನ್ನು ತುಂಬುವುದು ಸರಿಯಲ್ಲವೆಂದು ಆ ಕ್ಷಣವೇ ತೀರ್ಮಾನಿಸಿದೆ. ಕ್ಯಾಮೆರಾ ಹಗಲಿನ ಬೆಳಕು ತಲುಪುವಲ್ಲಿಗೇ ನಿಲ್ಲುತ್ತದೆ. ಅದರಾಚೆಗೆ ದೂರದಲ್ಲಿ ಒಂದು ಬತ್ತಿಯ ಬೆಳಕು ಮತ್ತು ಪಿಕ್ಕಾಸಿನ ಸದ್ದು ಮಾತ್ರ. ಒಣ ಮುರಕಲ್ಲಿಗೂ ನೀರು ಕುಡಿದ ಮುರಕಲ್ಲಿಗೂ ಪಿಕ್ಕಾಸಿನ ಸದ್ದು ಬೇರೆಯೆಂದು ಆ ಹಿರಿಯರು ಹೇಳಿದರು. ಮೂರು ಪುಟದ ಮಾತು ಮುಕ್ಕಾಲು ಪುಟಕ್ಕೆ ಇಳಿಯಿತು.

ಅಂಗಳದ ದೃಶ್ಯಗಳಲ್ಲಿ ಎದುರಾದ ತೊಡಕು ಬೇರೆ ಬಗೆಯದು. ಕಥೆ ಜನವರಿಯ ಮೂರು ವಾರಗಳಲ್ಲಿ ನಡೆಯುತ್ತದೆ, ನಮ್ಮ ಚಿತ್ರೀಕರಣ ಮೂರೇ ದಿನ. ಪ್ರತಿ ದೃಶ್ಯಕ್ಕೆ ಏನೇನು ಬೇಕೆಂದು ಪಟ್ಟಿ ಮಾಡುವ ಬ್ರೇಕ್‌ಡೌನ್ ಹೊತ್ತಿಗೆ ಸಹಾಯಕ ನಿರ್ದೇಶಕಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: ಅಂಗಳದಲ್ಲಿ ಹರವಿದ ಅಡಿಕೆ ಯಾವ ಬಣ್ಣದ್ದು? ಹಣ್ಣಡಿಕೆ ಒಣಗಲು ಸುಮಾರು ನಲವತ್ತು ದಿನ ಬೇಕು. ಕೊಯ್ದ ದಿನದ ಕಿತ್ತಳೆ ಬಣ್ಣ ವಾರಗಳು ಕಳೆದಂತೆ ಕಂದಾಗುತ್ತ ಹೋಗುತ್ತದೆ. ನಮ್ಮ ಊರಿನ ಯಾವ ಪ್ರೇಕ್ಷಕನೂ ಅಡಿಕೆಯನ್ನು ನೋಡಿಯೇ ದಿನ ಲೆಕ್ಕ ಹಾಕಬಲ್ಲ. ಕೊನೆಗೆ ನೆರೆಮನೆಯವರು ತಮ್ಮ ಮೊದಲ ಕೊಯ್ಲಿನ, ಆಗಲೇ ಕಂದಾದ ಅಡಿಕೆಯನ್ನು ನಾವು ಬುಟ್ಟಿಯಲ್ಲಿ ತಂದು ಹರವಿಕೊಳ್ಳಲು ಒಪ್ಪಿದರು. ಆದ್ದರಿಂದ ಮೊದಲ ದಿನ ಹಸಿ ಅಡಿಕೆಯ ದೃಶ್ಯಗಳನ್ನೆಲ್ಲ ಮುಗಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಅಂಗಳ ಬದಲಿಸಿ, ಕಥೆಯ ಕೊನೆಯ ವಾರವನ್ನು ಅದೇ ಸಂಜೆ ಚಿತ್ರೀಕರಿಸಬೇಕಾಗಿದೆ. ಕಾಲ್ ಶೀಟ್ ನಿಂತಿರುವುದು ನಟರ ಬಿಡುವಿನ ಮೇಲಲ್ಲ, ಅಡಿಕೆಯ ಮೇಲೆ.

ಅಜ್ಜನ ಪಾತ್ರ ವಹಿಸುವವರು ತಾಳಮದ್ದಳೆಯ ಅರ್ಥಧಾರಿಗಳು, ಅಂದರೆ ಯಕ್ಷಗಾನ ಪ್ರಸಂಗವನ್ನು ವೇಷವಿಲ್ಲದೆ, ಕುಳಿತು, ಮಾತಿನಲ್ಲೇ ನಡೆಸುವವರು. ಮೊದಲ ಓದಿನಲ್ಲಿ ಅವರ ಪ್ರತಿ ಮಾತೂ ಸಭೆಯ ಕೊನೆಯ ಸಾಲನ್ನು ಮುಟ್ಟುವಂತಿತ್ತು, ಮತ್ತು ಅಷ್ಟು ಹಿರಿಯ ಕಲಾವಿದರಿಗೆ ದನಿ ತಗ್ಗಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ಅಂಗಳಕ್ಕಿಳಿದು, ಕಾಲಿನಿಂದ ಅಡಿಕೆ ಮಗುಚುತ್ತ ಮಾತಾಡಬಹುದೇ ಎಂದು ಕೇಳಿದೆ. ಕಾಲು ಅಡಿಕೆಯ ಸಾಲು ಹಿಡಿದು ಸರಿಯುತ್ತಿದ್ದಂತೆ ಮಾತು ತಾನಾಗಿ ಮನೆಯ ಮಾತಾಯಿತು, ನಡುನಡುವೆ ಮೌನವೂ ಬಂತು. ಈಗ ಅಜ್ಜನೂ ಮಗನೂ ಜಗಳವಾಡುವ ದೃಶ್ಯದಲ್ಲಿ ಅವರು ಕುಳಿತಿರುವುದಿಲ್ಲ. ಅಜ್ಜ ಅಂಗಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಅಡಿಕೆ ಮಗುಚುತ್ತ ಹೋಗುತ್ತಾರೆ, ಮಗ ಹಿಂದೆ ಹಿಂದೆ ಬರುತ್ತಾನೆ.

ಎಲ್ಲಕ್ಕಿಂತ ಹೆಚ್ಚು ದಿನ ತೆಗೆದುಕೊಂಡದ್ದು ಭಾಷೆಯ ಪ್ರಶ್ನೆ. ಪೂರ್ತಿ ಚಿತ್ರಕಥೆಯನ್ನು ನಾನು ಪುಸ್ತಕದ ಕನ್ನಡದಲ್ಲಿ ಬರೆದಿದ್ದೆ, ಹಾಗೆಯೇ ಇದ್ದರೆ ಎಲ್ಲರಿಗೂ ಅರ್ಥವಾಗುತ್ತದೆ ಎಂಬ ಸಲಹೆಯೂ ಬಂತು. ಆದರೆ ನಮ್ಮ ಕಡೆಯ ಒಂದು ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಎಷ್ಟು ಮಾತುಗಳು ಸುಳಿದಾಡುತ್ತವೆ! ಮನೆಮಂದಿಯೊಳಗೆ ಹವ್ಯಕ ಕನ್ನಡ, ತೋಟದಲ್ಲಿ ತುಳು, ಪಂಚಾಯತು ಕಚೇರಿಗೆ ಫೋನು ಮಾಡಿದರೆ ಮಲಯಾಳ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ಮಾತು ಬೇರೆಯಾಯಿತು, ಮನೆಯ ಮಾತು ಹಾಗೆಯೇ ಉಳಿಯಿತು. ಎಲ್ಲರೂ ಒಂದೇ ಕನ್ನಡ ಆಡಿದರೆ ಈ ಮನೆ ಯಾವ ಊರಿನದೂ ಆಗುವುದಿಲ್ಲ. ಆದ್ದರಿಂದ ಪ್ರತಿ ಸಾಲಿನ ಪಕ್ಕದಲ್ಲಿ ಅದರ ಭಾಷೆಯನ್ನು ಬಣ್ಣದ ಪೆನ್ಸಿಲಿನಿಂದ ಗುರುತಿಸುತ್ತ ಹೋದೆ, ಹಾಗೆ ಗುರುತಿಸುವಾಗ ಪಾತ್ರಗಳೇ ಸ್ಪಷ್ಟವಾಗತೊಡಗಿದವು. ತೋಡುವವನೊಡನೆ ಯಾವಾಗಲೂ ತುಳುವಿನಲ್ಲಿ ಮಾತಾಡುವ ಮಗ, ಕೂಲಿಯ ಲೆಕ್ಕಕ್ಕೆ ಬಂದಾಗ ಕನ್ನಡಕ್ಕೆ ಹೊರಳುತ್ತಾನೆ. ಅವರಿಬ್ಬರ ನಡುವೆ ಬಿರುಕು ಬಿಟ್ಟಿದೆ ಎಂದು ಹೇಳಲು ಬರೆದಿದ್ದ ನಾಲ್ಕು ಸಾಲು ಇದರಿಂದ ಬೇಡವಾದವು. ಉಪಶೀರ್ಷಿಕೆಗಳು ಇರುತ್ತವೆ, ಕನ್ನಡದಲ್ಲೂ ಮಲಯಾಳದಲ್ಲೂ.

ಇಷ್ಟೆಲ್ಲ ಭಾಷೆಗಳಿರುವಾಗ ಡಬ್ಬಿಂಗ್ ಮಾಡುವ ಮಾತೇ ಇಲ್ಲ, ಸ್ಥಳದಲ್ಲಿಯೇ ಧ್ವನಿಮುದ್ರಣ ಆಗಬೇಕು. ಶಬ್ದಗ್ರಾಹಕಿ ಒಂದು ದಿನವಿಡೀ ಅಂಗಳದಲ್ಲಿ ಕುಳಿತು ಗಂಟೆಗೊಮ್ಮೆ ಒಂದು ನಿಮಿಷದ ಸದ್ದು ದಾಖಲಿಸಿಕೊಂಡಳು. ಬೆಳಗ್ಗೆ ನವಿಲುಗಳು, ಹತ್ತರ ನಂತರ ಪಕ್ಕದ ತೋಟದ ಹುಲ್ಲು ಕೊಚ್ಚುವ ಯಂತ್ರ, ಸಂಜೆ ಉತ್ಸವದ ಧ್ವನಿವರ್ಧಕ. ಯಂತ್ರದವರೊಡನೆ ಮಾತಾಡಿದ್ದೇವೆ, ಉತ್ಸವದ ದಿನಗಳನ್ನು ಬಿಟ್ಟು ದಿನಾಂಕ ಇಟ್ಟಿದ್ದೇವೆ, ನವಿಲುಗಳು ಇರಲಿ. ಹಣದ ಲೆಕ್ಕ ಸರಳವಾಗಿದೆ: ಊಟ, ಕುಂಬಳೆ ರೈಲು ನಿಲ್ದಾಣದಿಂದ ಸಾಮಾನು ತರುವ ಜೀಪು, ಬ್ಯಾಟರಿ.

ಮೊನ್ನೆ ಜಗಲಿಯಲ್ಲಿ ಕೊನೆಯ ಓದು ನಡೆಯಿತು. ಸುರಂಗ ತೋಡುವವನ ಪಾತ್ರವನ್ನು ಆ ಹಿರಿಯರೇ ಮಾಡುತ್ತಿದ್ದಾರೆ. ಅವರಿಗೆ ಓದು ಬರುವುದಿಲ್ಲವಾದ್ದರಿಂದ ನಾನು ಅವರ ಸಾಲನ್ನು ಓದಿ ಹೇಳಿದೆ: ‘ಇನ್ನೆರಡು ದಿನದಲ್ಲಿ ನೀರು ಸಿಗುತ್ತದೆ ಎಂಬ ನಂಬಿಕೆ ನನಗಿದೆ.’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂಗೈಯನ್ನು ಜಗಲಿಯ ಗೋಡೆಗೆ ಒತ್ತಿ ಹಿಡಿದು, ನನ್ನ ಕಡೆ ನೋಡದೆ, ‘ಮಣ್ಣ್ ತಂಪಾತ್ಂಡ್’ ಎಂದರು. ಮಣ್ಣು ತಂಪಾಗಿದೆ. ಆ ಸಾಲು ಒಂಬತ್ತನೇ ಪುಟಕ್ಕೆ ಹೋಯಿತು. ಅಂಗೈಯ ಒಂದು ಶಾಟ್ ಸೇರಿತು, ಮುಖದ ಮೇಲೆ ಇಟ್ಟಿದ್ದ ಎರಡು ಶಾಟ್ ಹೋದವು. ಪಟ್ಟಿಯಲ್ಲಿ ಈಗ 61 ಉಳಿದಿವೆ, ಮೂರು ದಿನಕ್ಕೆ ಅದೂ ಹೆಚ್ಚೇ. ನಾಳೆ ಬೆಳಗ್ಗೆ ಸಹಾಯಕ ನಿರ್ದೇಶಕಿಯೊಡನೆ ಸುರಂಗದ ಬಾಯಲ್ಲಿ ಕುಳಿತು ಇನ್ನೂ ಹತ್ತನ್ನು ಕಡಿಮೆ ಮಾಡಬೇಕು.